ಬೆಳಕಿನ ಮೀಟರಿಗೆ ಇಟ್ಟ ಕುಂಕುಮ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಮದುವೆಯಾದ ದಿನದಿಂದ ಹೇಳುತ್ತ ಬಂದಿದ್ದಾಳೆ. ನಾನು ಇಲ್ಲವೆನ್ನುವುದಿಲ್ಲ. ಅದರಲ್ಲೂ ಬೆಳಕಿನ ಮಾತು ಬಂದರೆ ನಾನು ಮನುಷ್ಯನೇ ಅಲ್ಲ ಎಂದು ಕೆಲಸದ ಕಡೆಯವರೂ ಹೇಳುತ್ತಿದ್ದರು. ಇಂಗ್ಲಿಷರ ನಾಡಿನ ಪಾರ್ಕ್ ರಾಯಲ್ ಎಂಬ ಕಾರ್ಖಾನೆ ಬಡಾವಣೆಯಲ್ಲಿ ಬ್ರೆಡ್ ಬೇಕರಿ ಮತ್ತು ಮಸಾಲೆ ಗೋದಾಮಿನ ನಡುವೆ ಕಿಟಕಿಗಳೇ ಇಲ್ಲದ ಒಂದು ಕಟ್ಟಡವಿದೆ. ಹೊರಗೆ ಬೋರ್ಡಿಲ್ಲ. ಸರಕಾರದ ಪರವಾನಗಿ ಪಡೆದು ಔಷಧಿಗಾಗಿ ಗಾಂಜಾ ಬೆಳೆಯುವ ಕಂಪನಿ ಅದು. ಅಲ್ಲಿ ನಾನು ಎರಡೂವರೆ ವರ್ಷ ಹೂವಿನ ಕೋಣೆಯ ಮೇಲ್ವಿಚಾರಕನಾಗಿದ್ದೆ.

ಹೂವಿನ ಕೋಣೆ ಎಂದರೆ ಗಿಡ ಹೂ ಬಿಡುವ ಕೋಣೆ. ಔಷಧಿ ಇರುವುದು ಹೂವಿನಲ್ಲಿ, ಎಲೆಯಲ್ಲಲ್ಲ. ನಮ್ಮ ಕಡೆಯ ಸೇವಂತಿಗೆಯ ಹಾಗೆ ಈ ಗಿಡಕ್ಕೂ ಹಗಲು ಉದ್ದವಿದ್ದಷ್ಟು ದಿನ ಬರೀ ಎಲೆಯ ಆಸೆ. ರಾತ್ರಿ ಉದ್ದವಾಯಿತು ಎಂದು ತಿಳಿದ ಮೇಲೆಯೇ ಅದು ಹೂವಿನ ಯೋಚನೆ ಮಾಡುತ್ತದೆ. ಹಾಗಾಗಿ ಹನ್ನೆರಡು ಗಂಟೆ ದೀಪ, ಹನ್ನೆರಡು ಗಂಟೆ ಕಡುಗತ್ತಲು. ಆ ಕತ್ತಲಲ್ಲಿ ಯಾರಾದರೂ ಬಾಗಿಲು ತೆರೆದು ಟಾರ್ಚು ಬಿಟ್ಟರೆ ಗಿಡಕ್ಕೆ ತಲೆ ಕೆಡುತ್ತದೆ. ಹೆಣ್ಣು ಗಿಡ ಗಂಡು ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ, ಬೆಳೆ ಹಾಳಾಗುತ್ತದೆ. ಆದ್ದರಿಂದ ಫ್ಯಾನಿನ ಸ್ವಿಚ್ಚಿನ ಮೇಲಿನ ಸಾಸಿವೆಯಷ್ಟು ಕೆಂಪು ದೀಪಕ್ಕೂ ನಾನು ಕಪ್ಪು ಟೇಪು ಅಂಟಿಸಿದ್ದೆ. ಒಮ್ಮೆ ರಿಪೇರಿಗೆ ಬಂದವನೊಬ್ಬ ಕತ್ತಲ ಹೊತ್ತಿನಲ್ಲಿ ಮೊಬೈಲು ತೆಗೆದ ಎಂದು ನಾನು ಕೂಗಾಡಿದ್ದು ಪಕ್ಕದ ಬೇಕರಿಯವರಿಗೂ ಕೇಳಿಸಿತ್ತಂತೆ.

ಕೂಗಾಡುವುದಕ್ಕೆ ನನ್ನದೊಂದು ಕಾರಣವಿತ್ತು. ಧಾರವಾಡದ ಕಡೆ ನಾನು ಕಾಲೇಜಿನಲ್ಲಿ ಬೆಳೆಶಾಸ್ತ್ರ ಕಲಿಸುತ್ತಿದ್ದವನು. ಹೆಂಡತಿ ಡಾಕ್ಟರು. ಅವಳಿಗೆ ಇಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ನಾನು ಹಿಂದೆ ಬಂದೆ. ನನ್ನ ಪದವಿಗಳನ್ನು ಇಲ್ಲಿ ಯಾರೂ ಮೂಸಿಯೂ ನೋಡಲಿಲ್ಲ. ಹನ್ನೊಂದು ವರ್ಷ ಇದೇ ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಕಾರ್ಖಾನೆಯಲ್ಲಿ ತಲೆಗೆ ಬಲೆ ಕಟ್ಟಿಕೊಂಡು ಸೌತೆಕಾಯಿ ಹೋಳು ಸಾಲಾಗಿ ಇಟ್ಟಿದ್ದೇನೆ. ಐವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಗಿಡದ ಮುಂದೆ ನಿಲ್ಲುವ ಕೆಲಸ ಸಿಕ್ಕಿದಾಗ ಮೊದಲ ದಿನ ಶೌಚಾಲಯಕ್ಕೆ ಹೋಗಿ ಅತ್ತುಬಂದೆ. ಊರಿನ ಬಂಧುಗಳು ‘ಗಾಂಜಾ ತೋಟದ ಮಾಲಿ’ ಎಂದು ಚೇಷ್ಟೆ ಮಾಡಿದರೂ ನನಗೆ ಏನೂ ಅನ್ನಿಸಲಿಲ್ಲ.

ನನ್ನ ಜೊತೆ ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವಳು ಮೈಸೂರಿನ ಡಾಕ್ಟರ್ ದಂಪತಿಯ ಮಗಳು. ಇಲ್ಲಿಯದೇ ಅಕ್ಸ್‌ಬ್ರಿಡ್ಜ್‌ನಲ್ಲಿ ಹುಟ್ಟಿ ಬೆಳೆದವಳು. ಮೂವತ್ತನಾಲ್ಕು ವಯಸ್ಸು, ಐದು ವರ್ಷದ ಮಗಳಿದ್ದಾಳೆ, ಗಂಡನಿಂದ ಬೇರೆಯಾಗಿದ್ದಾಳೆ. ಔಷಧಿ ಅಂಗಡಿಯ ಕೆಲಸ ಬಿಟ್ಟು ಇದಕ್ಕೆ ಬಂದು ಆರು ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ಅಜ್ಜಿಯ ಕೈಯಲ್ಲಿ ಬೆಳೆದವಳಾದ್ದರಿಂದ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ನಡುವೆ ಒಂದೊಂದು ಮೈಸೂರು ಮಾತು. ನಾನು ಸಂದರ್ಶನದಲ್ಲಿ ಅವಳ ಅಪ್ಪ ಅಮ್ಮನ ಊರು ಕೇಳಿ ತಿಳಿದುಕೊಂಡೆ. ಅಂಥ ಪ್ರಶ್ನೆ ಇಲ್ಲಿ ಕೇಳಬಾರದಂತೆ, ಆಮೇಲೆ ಗೊತ್ತಾಯಿತು. ಬೇರೆಯವರ ಮುಂದೆ ಅವಳು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳು, ಇಬ್ಬರೇ ಇದ್ದಾಗ ಅಂಕಲ್ ಎನ್ನುತ್ತಿದ್ದಳು. ನಾನು ಅವಳನ್ನು ತಂಗಿ ಎನ್ನುತ್ತಿದ್ದೆ, ಎಲ್ಲರ ಮುಂದೂ.

ಪ್ರತಿ ಮಂಗಳವಾರ ನಾವಿಬ್ಬರೂ ಬೆಳಕು ಅಳೆಯಬೇಕಿತ್ತು. ಅದಕ್ಕೊಂದು ಮೀಟರಿದೆ. ಎಳೆದರೆ ಉದ್ದವಾಗುವ, ಮಡಚಿದರೆ ಗೇಣುದ್ದವಾಗುವ ಕೋಲು, ಅದರ ತುದಿಗೆ ಅಂಗಿಯ ಗುಂಡಿಯಷ್ಟು ದೊಡ್ಡ, ಹಾಲುಬಿಳುಪಿನ ಉಬ್ಬಿದ ಸೆನ್ಸರು. ಗಿಡದ ನೆತ್ತಿಯ ಮಟ್ಟಕ್ಕೆ ಅದನ್ನು ಹಿಡಿದರೆ ಎಷ್ಟು ಬೆಳಕು ಬೀಳುತ್ತಿದೆ ಎಂದು ಅಂಕಿ ತೋರಿಸುತ್ತದೆ. ಕೋಣೆಯ ಒಂಬತ್ತು ಕಡೆ ನಾನು ಹಿಡಿದು ಓದಿ ಹೇಳುವುದು, ಅವಳು ಹಾಳೆಯಲ್ಲಿ ಬರೆದುಕೊಳ್ಳುವುದು, ಅಂಕಿ ಹೆಚ್ಚುಕಡಿಮೆಯಾಗಿದ್ದರೆ ಅವಳೇ ಹೊರಗಿನ ಕಂಪ್ಯೂಟರಿನಲ್ಲಿ ತನ್ನ ಹೆಸರಿನಿಂದ ಲಾಗಿನ್ ಆಗಿ ದೀಪಗಳನ್ನು ಏರಿಸುವುದು ಇಲ್ಲವೆ ಇಳಿಸುವುದು. ಕೊನೆಗೆ ನಾನು ಹಾಳೆಯ ಕೆಳಗೆ ಸಹಿ ಹಾಕುತ್ತಿದ್ದೆ. ಮೀಟರು, ಕತ್ತರಿ, ಟ್ರೇ ಇವುಗಳನ್ನೆಲ್ಲ ತೊಳೆಯುವ ಕೋಣೆಯಲ್ಲಿ ಒರೆಸಿಡುವುದೂ ಅವಳ ಪಾಲಿಗೆ ಬಂದ ಕೆಲಸ.

ಔಷಧಿಯ ಬೆಳೆಯಲ್ಲಿ ಹೆಚ್ಚು ಬೆಳೆಯುವುದು ಮುಖ್ಯವಲ್ಲ, ಪ್ರತಿ ಸಲವೂ ಒಂದೇ ಥರ ಬೆಳೆಯುವುದು ಮುಖ್ಯ. ಇದನ್ನು ನನಗೆ ಕಲಿಸಿದ್ದು ನನ್ನ ಹೆಂಡತಿ. ಅವಳು ಕೆಲಸ ಮಾಡುವ ನೋವಿನ ಕ್ಲಿನಿಕ್ಕಿಗೆ ಬರುವವರಲ್ಲಿ ಕೆಲವರಿಗೆ ಈ ಔಷಧಿಯನ್ನೇ ಬರೆದುಕೊಡುತ್ತಾರೆ. ಔಷಧಿಯ ಬಲ ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ ಆದರೆ ಅವರಿಗೆ ಮತ್ತೆ ಮೊದಲಿನಿಂದ ಶುರು, ಮತ್ತೆ ನಿದ್ದೆಯಿಲ್ಲ, ಮತ್ತೆ ನಡುಕ. ನಾನು ಕೋಣೆಗೆ ಹೋಗುವಾಗ ಅವರ ನೆನಪಿರುತ್ತಿತ್ತು ಎಂದು ದೊಡ್ಡ ಮಾತಾಡುವುದಿಲ್ಲ. ಕೆಲವೊಮ್ಮೆ ಇರುತ್ತಿತ್ತು.

ಆ ವರ್ಷ ದಸರೆಯ ಹೊತ್ತಿಗೆ ಒಂದು ಬ್ಯಾಚು ಹೂ ಬಿಡಲು ಶುರುವಾಗಿ ಮೂರು ವಾರ ಆಗಿತ್ತು. ಆಯುಧಪೂಜೆಯ ಹಿಂದಿನ ದಿನ ನನಗೊಂದು ವಿಚಾರ ಬಂತು. ಹನ್ನೊಂದು ವರ್ಷ ಆಯುಧಪೂಜೆಗೆ ನಾನು ಇಡುತ್ತಿದ್ದದ್ದು ಮನೆಯ ಈಳಿಗೆ, ಸ್ಕ್ರೂಡ್ರೈವರು, ಹೆಂಡತಿಯ ಸ್ಟೆಥಾಸ್ಕೋಪು. ನನ್ನದು ಎನ್ನುವ ಆಯುಧ ಇರಲೇ ಇಲ್ಲ. ಸೌತೆಕಾಯಿ ಇಡುವವನಿಗೆ ಎಲ್ಲಿಯ ಆಯುಧ? ಈಗ ಇದೆಯಲ್ಲ ಎನ್ನಿಸಿತು. ಕಂಪನಿಯ ವಸ್ತು ಹೊರಗೆ ಹೋಗಬಾರದು ಎಂಬ ನಿಯಮ ಗೋಡೆಯ ಮೇಲೆಯೇ ಇದೆ. ಗೇಟಿನಲ್ಲಿ ಚೀಲ ನೋಡುತ್ತಾರೆ, ಆದರೆ ಅವರು ಹುಡುಕುವುದು ಹೂವನ್ನು. ನಾನು ಮೀಟರನ್ನು ಊಟದ ಚೀಲದಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ವೆಂಬ್ಲಿಯ ಮನೆಗೆ ಬಂದೆ.

ಬೆಳಿಗ್ಗೆ ಎಲ್ಲವನ್ನೂ ಮಣೆಯ ಮೇಲೆ ಜೋಡಿಸಿದೆ. ಈಲಿಂಗ್ ರೋಡಿನ ಅಂಗಡಿಯಿಂದ ತಂದ ಚೆಂಡುಹೂವು, ಒಂದು ಬೂದುಗುಂಬಳದ ಹೋಳು. ಕುಂಕುಮ ಉದುರಬಾರದೆಂದು ಎರಡು ಹನಿ ಎಣ್ಣೆ ಹಾಕಿ ಕಲಸಿದೆ. ಈಳಿಗೆಗೆ ಇಟ್ಟೆ, ಸ್ಟೆಥಾಸ್ಕೋಪಿಗೆ ಇಟ್ಟೆ, ಕಾರಿನ ಕೀಲಿಗೆ ಇಟ್ಟೆ. ಮೀಟರಿಗೆ ಬಂದಾಗ ಅದರ ಹಣೆ ಎಲ್ಲಿ ಎಂದು ತಿರುಗಿಸಿ ತಿರುಗಿಸಿ ನೋಡಿದೆ. ತುದಿಯಲ್ಲಿ ಬೆಳ್ಳಗೆ ಉಬ್ಬಿಕೊಂಡಿರುವ ಜಾಗಕ್ಕಿಂತ ಒಳ್ಳೆಯ ಹಣೆ ಯಾವ ಯಂತ್ರಕ್ಕಿದೆ? ಉಂಗುರದ ಬೆರಳಿನಿಂದ ಅಲ್ಲೇ ಇಟ್ಟೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಬೆಳಕಿನ ಪಾಠ ಹೇಳಿದವನು, ಬೆಳಕು ಒಳಗೆ ಹೋಗುವ ಒಂದೇ ಒಂದು ಕಣ್ಣಿಗೆ ಕುಂಕುಮ ಬಳಿಯುತ್ತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ. ಕೈ ಮುಗಿದು ನಿಂತಾಗ ಎದೆ ತುಂಬಿಬಂದಿತ್ತು. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಎನ್ನಿಸುತ್ತದೆ.

ಪೂಜೆಗಿಟ್ಟದ್ದನ್ನು ಆ ದಿನ ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿ ಮುಗಿಸಿ, ಅದರ ಮಾರನೇ ದಿನ ಮೀಟರನ್ನು ವಾಪಸು ತೆಗೆದುಕೊಂಡು ಹೋದೆ. ಪೂಜೆಯ ಕುಂಕುಮವನ್ನು ನಮ್ಮಲ್ಲಿ ಕೈಯಾರೆ ಒರೆಸುವುದಿಲ್ಲ. ಗಾಡಿಗೆ ಇಟ್ಟದ್ದು ಮಳೆಗೆ ಹೋಗುತ್ತದೆ, ಹೊಲಿಗೆ ಯಂತ್ರಕ್ಕೆ ಇಟ್ಟದ್ದು ವರ್ಷವಿಡೀ ಇರುತ್ತದೆ. ಇದೂ ತಾನಾಗಿಯೇ ಹೋಗುತ್ತದೆ ಎಂದು ಡಬ್ಬಿಗೆ ಹಾಕಿದೆ. ಹೂವಿನ ಕೋಣೆಯ ದೀಪಗಳಲ್ಲಿ ಕೆಂಪು ಪಾಲು ಹೆಚ್ಚು. ಕಣ್ಣಿಗೆ ಹಸಿರು ಕನ್ನಡಕ ಹಾಕಿಕೊಂಡೇ ಒಳಗೆ ಹೋಗುತ್ತೇವೆ. ಆ ಬೆಳಕಿನಲ್ಲಿ, ಆ ಕನ್ನಡಕದಲ್ಲಿ ಕುಂಕುಮದ ಕಲೆಯಿರಲಿ, ಕೈಯ ಮೇಲಿನ ರಕ್ತವೂ ಸರಿಯಾಗಿ ಕಾಣಿಸುವುದಿಲ್ಲ. ನಾನು ಎರಡನೇ ದಿನಕ್ಕೇ ಅದನ್ನು ಮರೆತೆ.

ಮಂಗಳವಾರ ಅಳೆದಾಗ ಅಂಕಿಗಳು ಇಳಿದಿದ್ದವು. ಒಂಬತ್ತೂ ಕಡೆ.

“ದೀಪ ಸೋತಾವ ತಂಗಿ,” ಎಂದೆ. “ಏರಸು.”

ಅವಳು ಏರಿಸಿದಳು. ಮುಂದಿನ ಮಂಗಳವಾರವೂ ಇನ್ನೂ ಸ್ವಲ್ಪ ಕಡಿಮೆ ಎನ್ನಿಸಿ ಮತ್ತೆ ಏರಿಸಲು ಹೇಳಿದೆ. ದೀಪಗಳನ್ನು ಮಾರಿದ ಕಂಪನಿಗೆ ನಾನೇ ಒಂದು ಉದ್ದ ಇಮೇಲು ಬರೆದು, ನಿಮ್ಮ ದೀಪಗಳು ವರ್ಷ ತುಂಬುವ ಮೊದಲೇ ಮುದುಕಾಗಿವೆ ಎಂದು ಛೀಮಾರಿ ಹಾಕಿದೆ. ಅದರ ವ್ಯಾಕರಣ ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿಕೊಂಡೆ ಕೂಡ.

ಮೂರನೇ ವಾರ ಅವಳು ಒಂದು ಗಿಡದ ಮುಂದೆ ಬಹಳ ಹೊತ್ತು ನಿಂತಿದ್ದಳು. “ಅಂಕಲ್, ಲೀವ್ಸ್ ನೋಡಿ. ದೋಣಿ ಥರ ಮೇಲಕ್ಕೆ ಮಡಚ್ಕೊಂಡಿವೆ. ಐ ಥಿಂಕ್ ಇಟ್ಸ್ ಟೂ ಮಚ್ ಲೈಟ್.”

“ಮೀಟರ್ ಏನ್ ಹೇಳತೈತಿ?”

“ಮೀಟರ್ ಸೇಸ್ ಲೋ. ಬಟ್ ಪ್ಲಾಂಟ್ಸ್...”

“ಮೀಟರಿಗಿಂತ ನಿನ್ನ ಕಣ್ಣ ಶಾಣ್ಯಾ ಏನು? ಆರ್ ತಿಂಗಳಾತು ಬಂದು. ನಾ ಹುಟ್ಟಿದ್ದ ಹೊಲದಾಗ.”

ನಾನು ಹುಟ್ಟಿದ್ದು ಹೊಲದಲ್ಲಲ್ಲ, ಸರಕಾರಿ ಆಸ್ಪತ್ರೆಯಲ್ಲಿ. ಸಿಟ್ಟು ಬಂದಾಗ ಬಾಯಿಗೆ ಬಂದದ್ದು ಹೇಳಿಬಿಡುತ್ತೇನೆ. ಅವಳು ಏನೋ ಹೇಳಲು ಬಾಯಿ ತೆರೆದಳು, ಕೋಲಿನ ತುದಿಯನ್ನು ಒಮ್ಮೆ ನೋಡಿದಳು, ಆಮೇಲೆ ಸುಮ್ಮನಾದಳು. ನಾನು ಅದನ್ನು ಸೋಲು ಎಂದುಕೊಂಡೆ. ಹೊಲ ನೋಡಿದವರಿಗೆಲ್ಲ ಗೊತ್ತಿರುವ ಸಂಗತಿ ಅವಳು ಹೇಳಿದ್ದು. ಗಿಡಕ್ಕೆ ಬೆಳಕು ಹೆಚ್ಚಾದರೆ ಅದು ಎಲೆಯನ್ನು ಮಡಚಿ ತನ್ನ ಮೈ ಮುಚ್ಚಿಕೊಳ್ಳುತ್ತದೆ. ಮಕ್ಕಳಿಗೆ ನಾನೇ ಎಷ್ಟು ಸಲ ಪಾಠ ಮಾಡಿದ್ದೆನೋ. ಆದರೂ ಗಿಡ ಹೇಳುತ್ತಿರುವುದನ್ನು ಬಿಟ್ಟು ಯಂತ್ರ ಹೇಳಿದ್ದನ್ನು ನಂಬಿದೆ.

ಐದನೇ ವಾರಕ್ಕೆ ಮೇಲಿನ ಹೂಗಳ ತುದಿ ಬಿಳಿಚಿಕೊಂಡಿತು. ನೋಡಿದರೆ ಹಿಟ್ಟು ಉದುರಿಸಿದ ಹಾಗೆ. ಕೆಲವರು ಅದನ್ನು ಒಳ್ಳೆಯ ಲಕ್ಷಣ ಎಂದೂ ಹೇಳುತ್ತಾರೆ, ನಾನೂ ಹಾಗೇ ನನ್ನನ್ನು ಸಮಾಧಾನ ಮಾಡಿಕೊಂಡೆ. ಕೊಯ್ದೆವು, ಒಣಗಿಸಿದೆವು, ಮಾದರಿ ಪರೀಕ್ಷೆಗೆ ಹೋಯಿತು. ಡಿಸೆಂಬರಿನ ಮೊದಲ ವಾರ ಫಲಿತಾಂಶ ಬಂತು. ಮೇಲಿನ ಹೂವಿಗೂ ಕೆಳಗಿನ ಹೂವಿಗೂ ತಾಳಮೇಳವಿಲ್ಲ. ಮೇಲಿನದು ಸುಟ್ಟಿದೆ, ಬಲ ಹೋಗಿದೆ. ಔಷಧಿಗೆ ಬರುವುದಿಲ್ಲ, ಇಡೀ ಬ್ಯಾಚನ್ನು ನಾಶ ಮಾಡಬೇಕು ಎಂದು ಬರೆದಿತ್ತು. ಅಷ್ಟು ತಿಂಗಳ ಗಿಡವನ್ನು ಪುಡಿಮಾಡಿ ಕಸದ ಜೊತೆ ಕಲಸುವುದನ್ನು ಸಾಕ್ಷಿಯಾಗಿ ನಿಂತು ನೋಡಿ ಸಹಿ ಹಾಕಿದವನೂ ನಾನೇ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ತಟ್ಟೆ ಹಾಕಿದಳು. ಈ ತಿಂಗಳು ಔಷಧಿ ತಡವಾಗುತ್ತದೆ ಎಂದು ತನ್ನ ಕ್ಲಿನಿಕ್ಕಿನಲ್ಲಿ ಯಾರಿಗೆ ಹೇಳಬೇಕಾಗುತ್ತದೆ ಎಂದು ಅವಳು ಯೋಚಿಸುತ್ತಿದ್ದಳೇನೋ.

ವಿಚಾರಣೆ ಶುರುವಾಯಿತು. ಗುಣಮಟ್ಟ ನೋಡಿಕೊಳ್ಳುವ ಮ್ಯಾನೇಜರು ಒಬ್ಬ ಇಂಗ್ಲಿಷ್ ಹೆಂಗಸು, ನನ್ನಷ್ಟೇ ವಯಸ್ಸು, ಒಮ್ಮೆಯೂ ದನಿ ಏರಿಸಿದವಳಲ್ಲ. ನಾಳೆ ನಿಮ್ಮ ಮೀಟರನ್ನು ಉಗ್ರಾಣದಲ್ಲಿರುವ ಹೊಸ ಮೀಟರಿನ ಜೊತೆ ಹೋಲಿಸಿ ನೋಡೋಣ ಎಂದಳು. ನಾನು ಆಗಲಿ ಎಂದೆ. ಮಧ್ಯಾಹ್ನ ಮೀಟರನ್ನು ಡಬ್ಬಿಯಿಂದ ತೆಗೆದುಕೊಂಡು ಕಾರಿಡಾರಿಗೆ ಬಂದೆ. ಕಟ್ಟಡದಲ್ಲಿ ಗಾಜಿರುವುದು ಅಲ್ಲಿ ಮಾತ್ರ, ತುರ್ತು ಬಾಗಿಲಿನ ಮೇಲಿನ ಒಂದು ಚೌಕ. ಚಳಿಗಾಲದ ಆ ಮಂಕು ಬೆಳಕಿನಲ್ಲಿ, ಹಸಿರು ಕನ್ನಡಕವಿಲ್ಲದೆ, ನಾನು ಸೆನ್ಸರನ್ನು ನೋಡಿದೆ.

ಮಧ್ಯೆ ಕಡಲೆಕಾಳಿನಷ್ಟು ಕೆಂಪು. ಸುತ್ತ ಎಣ್ಣೆ ಹರಡಿಕೊಂಡು ಕೇಸರಿ ಬಣ್ಣದ ಒಂದು ಬಳೆ. ಧೂಳು ಅದಕ್ಕೆ ಅಂಟಿ ಗಟ್ಟಿಯಾಗಿತ್ತು.

ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ದೀಪಗಳು ಸೋತಿರಲಿಲ್ಲ. ಮೀಟರಿಗೆ ಕಣ್ಣು ಮಂಜಾಗಿತ್ತು. ಅದು ಕಡಿಮೆ ಎಂದಿತು, ನಾನು ಏರಿಸು ಎಂದೆ, ಗಿಡ ಸುಟ್ಟಿತು. ಈಗ ಇದನ್ನು ಹಾಗೆಯೇ ಒಯ್ದು ಮ್ಯಾನೇಜರಿನ ಮೇಜಿನ ಮೇಲೆ ಇಟ್ಟಿದ್ದರೆ ನಾನು ಕೆಟ್ಟ ಕೆಲಸಗಾರ ಆಗುತ್ತಿದ್ದೆ, ಕೆಟ್ಟ ಮನುಷ್ಯ ಆಗುತ್ತಿರಲಿಲ್ಲ. ಆದರೆ ಆ ಕ್ಷಣಕ್ಕೆ ನನ್ನ ಕಣ್ಣಿಗೆ ಬಂದದ್ದು ಮೇಜಿನ ಸುತ್ತ ಕೂತವರ ಮುಖಗಳು. ಕಂಪನಿಯ ಮೀಟರನ್ನು ಕದ್ದು ಒಯ್ದು ಅದಕ್ಕೆ ಪೂಜೆ ಮಾಡಿದನಂತೆ ಎಂದು ಕ್ಯಾಂಟೀನಿನಲ್ಲಿ ನಗುವುದು ಕೇಳಿಸಿತು. ಆಮೇಲೆ ಮತ್ತೆ ತಲೆಗೆ ಬಲೆ, ಮತ್ತೆ ಸೌತೆಕಾಯಿ. ಜೇಬಿನಲ್ಲಿ ಸ್ಪಿರಿಟ್ಟಿನ ಒದ್ದೆ ಕಾಗದದ ಪೊಟ್ಟಣವಿತ್ತು. ಹರಿದೆ, ಒರೆಸಿದೆ. ಮೂರು ಕಾಗದ ಬೇಕಾಯಿತು. ಕೆಂಪಾದ ಕಾಗದಗಳನ್ನು ಜೇಬಿಗೇ ಹಾಕಿಕೊಂಡೆ. ಒರೆಸುವಾಗ ಬಾಯಲ್ಲಿ ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದೆ, ದೇವರಿಗೆ. ಯಾರಿಗೆ ಹೇಳಬೇಕಿತ್ತೋ ಅವಳು ಗೋಡೆಯ ಆಚೆ ಕತ್ತರಿ ತೊಳೆಯುತ್ತಿದ್ದಳು.

ಮರುದಿನ ಎರಡೂ ಮೀಟರುಗಳು ಒಂದೇ ಅಂಕಿ ತೋರಿಸಿದವು. ನನ್ನ ಬುದ್ಧಿಗೆ ಅಲ್ಲಿಯವರೆಗೆ ಮುಂದಿನದು ಹೊಳೆದಿರಲಿಲ್ಲ. ಮೀಟರು ಸರಿಯಿದೆ ಎಂದಾದರೆ ಹಾಳೆ ತಪ್ಪು. ಹಾಳೆಯಲ್ಲಿರುವ ಅಕ್ಷರ ಆ ಹುಡುಗಿಯದು. ದೀಪ ಏರಿಸಿದ ಲಾಗಿನ್ ಅವಳದು. ನನ್ನದು ಬರೀ ಕೆಳಗಿನ ಸಹಿ.

ನಮ್ಮಿಬ್ಬರನ್ನೂ ಕೂರಿಸಿ ಕೇಳಿದರು. ಅವಳು ನೇರವಾಗಿ ಹೇಳಿದಳು, ನನಗೆ ಓದಿ ಹೇಳಿದ್ದನ್ನು ನಾನು ಬರೆದೆ, ಏರಿಸು ಎಂದಾಗ ಏರಿಸಿದೆ, ಒಂದು ಸಲ ಬೇಡವೇನೋ ಎಂದೂ ಹೇಳಿದೆ. ಮ್ಯಾನೇಜರು ನನ್ನ ಕಡೆ ತಿರುಗಿದಳು. ನೀವು ಓದಿದ ಅಂಕಿಗಳು ಇವೇ ಏನು?

ಅವಳೂ ನನ್ನ ಕಡೆ ನೋಡಿದಳು. ನಾನು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತ, ಅಷ್ಟು ಹಿಂದಿನ ಅಂಕಿಗಳು ಸರಿಯಾಗಿ ನೆನಪಿಲ್ಲ ಎಂದೆ. ಸುಳ್ಳು ಹೇಳಿದೆ ಅನ್ನಿಸಲಿಲ್ಲ. ಯಾರಿಗಾದರೂ ಅಷ್ಟು ಅಂಕಿ ನೆನಪಿರುತ್ತದೆಯೇ ಎಂದು ನನಗೆ ನಾನೇ ವಾದಿಸಿಕೊಂಡೆ. ಅವಳು ಮತ್ತೆ ಒಂದು ಮಾತೂ ಆಡಲಿಲ್ಲ. ಶುಕ್ರವಾರ ಅವಳ ಪಾಸು ತೆಗೆದುಕೊಂಡು ಮನೆಗೆ ಕಳಿಸಿದರು. ಬುಧವಾರ ಕೊನೆಯ ತೀರ್ಮಾನ ಎಂದರು. ಪರವಾನಗಿಯ ಕೆಲಸದಲ್ಲಿ ಸುಳ್ಳು ದಾಖಲೆ ಬರೆದಳು ಎಂದು ಒಮ್ಮೆ ಹೆಸರು ಬಿದ್ದರೆ ಈ ದೇಶದಲ್ಲಿ ಔಷಧಿಯ ಯಾವ ಕೆಲಸಕ್ಕೂ ಅವಳನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಶನಿವಾರ, ಭಾನುವಾರ ನಾನು ಊಟ ಮಾಡಿದೆ, ಟೀವಿ ನೋಡಿದೆ, ಮನೆಯ ಬಾಯ್ಲರು ರಿಪೇರಿಗೆ ಬಂದವನ ಜೊತೆ ಜಗಳವಾಡಿದೆ. ಸೋಮವಾರ ಹೆಂಡತಿ ಬಟ್ಟೆ ಒಗೆಯಲು ಹಾಕುವಾಗ ನನ್ನ ಪ್ಯಾಂಟಿನ ಜೇಬಿನಿಂದ ಕೆಂಪು ಕಾಗದ ತೆಗೆದಳು.

“ಏನ್ರೀ ಇದು? ರಕ್ತ ಏನು?”

ಹೇಳಿದೆ. ಹೇಳುತ್ತಾ ಹೋದಂತೆ ದನಿ ಏರಿತು, ಕೊನೆಗೆ ನಾನೇ ಅವಳ ಮೇಲೆ ಕೂಗಾಡುತ್ತಿದ್ದೆ. ಮನೆಯಲ್ಲಿ ದೇವರು ದಿಂಡರು ಅಂತ ಯಾರು ಶುರು ಮಾಡಿದ್ದು, ಚೆಂಡುಹೂವು ತಾ ಅಂದವರು ಯಾರು ಅಂತೆಲ್ಲ. ಅವಳು ಪೂರಾ ಕೇಳಿಸಿಕೊಂಡಳು.

“ಕುಂಕುಮ ಇಟ್ಟಿದ್ದು ತಪ್ಪಲ್ಲರೀ,” ಎಂದಳು. “ತಿಳೀಲಾರದ ಮಾಡೀರಿ. ಒರಸಿದ್ದು ತಿಳದ ಮಾಡೀರಿ. ಆ ಹುಡುಗಿ ಮುಂದ ಕುಂತು ನೆನಪಿಲ್ಲ ಅಂದದ್ದೂ ತಿಳದ ಅಂದೀರಿ. ನನ್ನ ಮ್ಯಾಲೆ ಒದರಿದ್ರ ಏನ್ ಬಂತು? ನಿಮಗ ಒದರಾಕ ಅಷ್ಟ ಬರತೈತಿ. ಮಾತಾಡಬೇಕಾದಲ್ಲಿ ನಾಲಿಗೀನ ಇರಂಗಿಲ್ಲ.”

ಇಪ್ಪತ್ತೇಳು ವರ್ಷದಲ್ಲಿ ಅವಳು ನನಗೆ ಇಷ್ಟು ಕಟುವಾಗಿ ಮಾತಾಡಿದ್ದಿಲ್ಲ. ಕಾಗದವನ್ನು ಕಸಕ್ಕೆ ಹಾಕದೆ ಮೇಜಿನ ಮೇಲೆ ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟು ಡ್ಯೂಟಿಗೆ ಹೋದಳು.

ಮಂಗಳವಾರ ಬೆಳಿಗ್ಗೆ ಮ್ಯಾನೇಜರಿನ ಕೋಣೆಗೆ ಹೋದೆ. ಬಸ್ಸಿನಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಕಟ್ಟಿಕೊಂಡಿದ್ದೆ, ಅಲ್ಲಿ ಹೋದ ಮೇಲೆ ಒಂದೂ ನೆನಪಾಗಲಿಲ್ಲ. ಮೂರು ಕಾಗದಗಳನ್ನು ಅವಳ ಮುಂದಿಟ್ಟು, ಮೀಟರನ್ನು ಮನೆಗೆ ಒಯ್ದದ್ದು, ಪೂಜೆ, ಕುಂಕುಮ, ಎಣ್ಣೆ, ತುರ್ತು ಬಾಗಿಲಿನ ಬಳಿ ಒರೆಸಿದ್ದು ಎಲ್ಲವನ್ನೂ ಹೇಗೆ ಬಂತೋ ಹಾಗೆ ಹೇಳಿದೆ. ಅಂಕಿ ಓದಿದ್ದು ನಾನೇ, ಏರಿಸು ಎಂದದ್ದೂ ನಾನೇ, ನೆನಪಿಲ್ಲ ಎಂದದ್ದು ಸುಳ್ಳು ಎಂದೆ. ಅವಳು ನಗಲಿಲ್ಲ. ಯಾರೂ ನಗಲಿಲ್ಲ. ನಾನು ಅಷ್ಟು ಹೆದರಿದ್ದ ಆ ನಗು ಎಲ್ಲಿಯೂ ಇರಲಿಲ್ಲ.

ನಿಮ್ಮ ಮಾತಿಗೆ ಬೇರೆ ಆಧಾರ ಏನಾದರೂ ಇದೆಯೇ ಎಂದು ಕೇಳಿದಳು. ಆ ಹುಡುಗಿಯನ್ನು ಉಳಿಸಲು ಹೀಗೆ ಹೇಳುತ್ತಿದ್ದೇನೆ ಎಂಬ ಅನುಮಾನ ಮ್ಯಾನೇಜರಿಗೆ. ಅಷ್ಟು ಒಳ್ಳೆಯವನು ಎಂದು ನನ್ನನ್ನು ಯಾರಾದರೂ ಅನುಮಾನಿಸಿದ್ದು ಅದೇ ಮೊದಲು. ನನ್ನ ಬಳಿ ಬೇರೇನೂ ಇರಲಿಲ್ಲ. ಸ್ವಲ್ಪ ಯೋಚಿಸಿ ಅವಳು ಎದ್ದು ಹೋಗಿ ತೊಳೆಯುವ ಕೋಣೆಯಿಂದ ಒಂದು ಪುಸ್ತಕ ತಂದಳು. ಯಾವ ಉಪಕರಣ ಯಾವ ದಿನ ಒರೆಸಿದ್ದು ಎಂದು ಬರೆದಿಡುವ ಪುಸ್ತಕ. ಮೊಳೆಗೆ ನೇತು ಬಿದ್ದಿರುತ್ತದೆ, ಬರೆಯುವವರ ಹೊರತು ಯಾರೂ ಓದುವುದಿಲ್ಲ. ನಾನಂತೂ ಒಮ್ಮೆಯೂ ತೆರೆದಿರಲಿಲ್ಲ.

ಅಕ್ಟೋಬರಿನ ಪುಟ ತಿರುವಿ ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. ನನ್ನ ಕಡೆ ಪುಸ್ತಕ ತಿರುಗಿಸಿದಳು. ದುಂಡನೆಯ ಇಂಗ್ಲಿಷ್ ಅಕ್ಷರ, ಆ ಹುಡುಗಿಯದೇ. ಮೀಟರ್ ಒರೆಸಲಾಗಿದೆ, ಸೆನ್ಸರಿನ ಮೇಲೆ ಪೂಜೆಯ ಕೆಂಪು ಗುರುತಿದೆ, ಗೌರವದಿಂದ ಅದನ್ನು ಹಾಗೇ ಬಿಟ್ಟಿದ್ದೇನೆ, ಮೇಲ್ವಿಚಾರಕರಿಗೆ ತಿಳಿದಿದೆ ಎಂದುಕೊಂಡಿದ್ದೇನೆ. ಮುಂದಿನ ವಾರ ಅದೇ ಸಾಲು. ಅದರ ಮುಂದಿನ ವಾರವೂ.

ಗೌರವ ಎಂದರೆ, ನಿಮ್ಮ ದೇವರ ಮೇಲಿನ ಗೌರವವೇ ಎಂದು ಮ್ಯಾನೇಜರು ಕೇಳಿದಳು. ಸ್ವಲ್ಪ ದೇವರ ಮೇಲೆ, ಉಳಿದದ್ದು ನನ್ನ ಮೇಲೆ ಎಂದೆ.

ಆ ಹುಡುಗಿ ಕೆಲಸಕ್ಕೆ ಮರಳಿದಳು. ಪುಸ್ತಕದಲ್ಲಿ ಬರೆದರೆ ಸಾಲದು, ಬಾಯಿಬಿಟ್ಟು ಹೇಳಬೇಕಿತ್ತು ಎಂದು ಅವಳಿಗೂ ಒಂದು ಎಚ್ಚರಿಕೆಯ ಪತ್ರ ಕೊಟ್ಟರಂತೆ. ಹೂವಿನ ಕೋಣೆ ಈಗ ಅವಳ ಕೈಯಲ್ಲಿದೆ. ನನ್ನ ಪಾಸನ್ನು ಅಂದೇ ತೆಗೆದುಕೊಂಡರು, ಸಾಕ್ಷ್ಯ ಅಳಿಸಿದ್ದಕ್ಕೆ. ಅದು ಸರಿಯೇ. ನಾನು ಅವಳಿಗೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ಮೂರನೇ ಸಲ ಮಾಡುವ ಧೈರ್ಯ ಬರಲಿಲ್ಲ.

ಕೆಲಸ ಹೋದದ್ದಕ್ಕೆ ನಾನು ಅಳಲಿಲ್ಲ. ಅತ್ತದ್ದು ಬೇರೆಯದಕ್ಕೆ. ಅಂದು ಪುಸ್ತಕ ಮುಚ್ಚುವ ಮೊದಲು ಮ್ಯಾನೇಜರು ಇನ್ನೊಂದು ಪುಟ ತಿರುವಿದ್ದಳು, ಡಿಸೆಂಬರಿನದು. ಎರಡು ಮೀಟರುಗಳನ್ನು ಹೋಲಿಸಿದ ದಿನದ ಬೆಳಿಗ್ಗೆ ಬರೆದದ್ದು, ನಮ್ಮಿಬ್ಬರನ್ನೂ ಕೂರಿಸಿ ಕೇಳುವುದಕ್ಕೆ ಎರಡು ದಿನ ಮೊದಲು, ಅದೇ ದುಂಡನೆಯ ಅಕ್ಷರ. ಆ ಮೇಜಿನ ಮುಂದೆ ನನ್ನ ಕಡೆ ನೋಡಿದಾಗಲೇ ಅವಳಿಗೆ ಎಲ್ಲ ಗೊತ್ತಿತ್ತು. ಮ್ಯಾನೇಜರು ಅದನ್ನು ಓದಿ ನನ್ನ ಮುಂದೆ ಸರಿಸಿದಳು. ಮೀಟರ್ ಒರೆಸಲಾಗಿದೆ, ಸೆನ್ಸರಿನ ಮೇಲಿನ ಗುರುತು ಈಗ ಇಲ್ಲ, ತೆಗೆದದ್ದು ನಾನಲ್ಲ.